ಹನಿ ನೀರಿನ ಲೆಕ್ಕಕ್ಕೆ ನೂರು ವರ್ಷ

ಅವಸರ ಮಾಡುವವರನ್ನು ಕಂಡರೆ 'ಏಳು ತಿಂಗಳಿಗೇ ಹುಟ್ಟಿದವನೇನೋ' ಎಂದು ಹಾಸ್ಯ ಮಾಡುವುದು ನಮ್ಮಲ್ಲಿ ರೂಢಿ. ನಿಜಕ್ಕೂ ಏಳು ತಿಂಗಳಿಗೆ ಮಗು ಹುಟ್ಟಿದ ಮನೆಯಲ್ಲಿ ಮಾತ್ರ ಯಾರೂ ನಗುವುದಿಲ್ಲ. ಒಂದು ಕಿಲೋ, ಒಂದೂವರೆ ಕಿಲೋ ತೂಗುವ ಆ ಜೀವವನ್ನು ಬೆಚ್ಚಗಿಡಬೇಕು, ಅದಕ್ಕೆ ಉಸಿರಾಟ ಕಷ್ಟವಾಗಬಾರದು, ಸೋಂಕು ತಗಲಬಾರದು ಎಂಬುದು ಯಾರಿಗಾದರೂ ತೋಚುತ್ತದೆ. ಸುಲಭವಾಗಿ ತೋಚದ ಪ್ರಶ್ನೆ ಇನ್ನೊಂದಿದೆ. ಅಂಥ ಮಗುವಿಗೆ ದಿನಕ್ಕೆ ಎಷ್ಟು ನೀರು ಕೊಡಬೇಕು?

ಪ್ರಶ್ನೆ ಬಹಳ ಸರಳವಾಗಿ ಕಾಣುತ್ತದೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ವೈದ್ಯವಿಜ್ಞಾನ ಇದಕ್ಕೆ ಕೊಟ್ಟ ಉತ್ತರ ಮತ್ತೆ ಮತ್ತೆ ಬದಲಾಯಿತು. ಒಂದು ಕಾಲದಲ್ಲಿ 'ಏನೂ ಕೊಡಬೇಡಿ' ಎಂದರು. ಇನ್ನೊಂದು ಕಾಲದಲ್ಲಿ ಧಾರಾಳವಾಗಿ ಕೊಟ್ಟರು. ಕೊನೆಗೆ 'ಅಳೆದು ಕೊಡಿ, ದಿನವೂ ತೂಗಿ ನೋಡಿ' ಎಂಬಲ್ಲಿಗೆ ಬಂದು ನಿಂತರು. ಪ್ರತಿ ಸಲವೂ ವೈದ್ಯರ ಉದ್ದೇಶ ಒಳ್ಳೆಯದೇ ಆಗಿತ್ತು. ಬೆಲೆ ತೆತ್ತವು ಮಾತ್ರ ಮಕ್ಕಳು.

ಇದು ಎಲ್ಲೋ ನಾಲ್ಕು ಮಕ್ಕಳ ಸಂಗತಿಯೂ ಅಲ್ಲ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಇಂಥ ಸುಮಾರು 1.34 ಕೋಟಿ ಮಕ್ಕಳು ಹುಟ್ಟಿದರೆಂದು ಅಂದಾಜು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಬೇರಾವ ದೇಶದಲ್ಲೂ ಇಷ್ಟು ಸಂಖ್ಯೆ ಇರಲಿಲ್ಲ.

ಮುಕ್ಕಾಲಿಗೂ ಹೆಚ್ಚು ನೀರು

ವಯಸ್ಕರ ದೇಹದ ತೂಕದಲ್ಲಿ ಶೇ 60ರಷ್ಟು ನೀರು. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಅದು ಸುಮಾರು ಶೇ 75. ಇಪ್ಪತ್ತನಾಲ್ಕು, ಇಪ್ಪತ್ತೈದು ವಾರಕ್ಕೇ ಹೊರಬಂದ ಮಗುವಿನಲ್ಲಿ ಶೇ 85ಕ್ಕೂ ಹೆಚ್ಚು. ವಯಸ್ಸಿಗೆ ತಕ್ಕಂತೆ ಮಕ್ಕಳ ಮೈಯಲ್ಲಿ ನೀರು ಎಷ್ಟಿರುತ್ತದೆ, ಅದರಲ್ಲಿ ಜೀವಕೋಶಗಳ ಒಳಗೆಷ್ಟು, ಹೊರಗೆಷ್ಟು ಎಂಬುದನ್ನು 1950ರ ದಶಕದಲ್ಲಿ ಅಳೆದು ತೋರಿಸಿದವರಲ್ಲಿ ಪ್ರಮುಖರು ಕೋಪನ್‌ಹೇಗನ್ನಿನ ವೈದ್ಯ ಬೆಂಟ್ ಫ್ರೀಸ್-ಹ್ಯಾನ್ಸೆನ್.

ಹುಟ್ಟಿದ ಮೇಲೆ ಈ ಹೆಚ್ಚುವರಿ ನೀರಿನ ಒಂದು ಪಾಲು ಹೊರಹೋಗಲೇಬೇಕು. ಮೊದಲ ವಾರ ಮಗು 'ಇಳಿಯುತ್ತದೆ', ಆಮೇಲೆ 'ಏರುತ್ತದೆ' ಎಂದು ಮನೆಯ ಹಿರಿಯರು ಹೇಳುವುದು ಇದನ್ನೇ. ದಿನ ತುಂಬಿದ ಮಗು ಮೊದಲ ದಿನಗಳಲ್ಲಿ ಶೇ 5ರಿಂದ 10ರಷ್ಟು ತೂಕ ಕಳೆದುಕೊಳ್ಳುತ್ತದೆ. ದಿನ ತುಂಬದ ಮಗು ಶೇ 10ರಿಂದ 15ರಷ್ಟು ಕಳೆದುಕೊಳ್ಳಬಹುದು.

ತೊಂದರೆ ಇರುವುದು ಈ ನೀರು ಹೋಗುವ ದಾರಿಗಳಲ್ಲಿ. ಮೊದಲನೆಯದು ಚರ್ಮ. ಹೊಸ ಮಣ್ಣಿನ ಹೂಜಿಯ ಮೈಯಿಂದ ನೀರು ಜಿನುಗಿ ಆರುತ್ತದೆ, ಅದರಿಂದಲೇ ಒಳಗಿನ ನೀರು ತಂಪಾಗುತ್ತದೆ. ದಿನ ತುಂಬದ ಮಗುವಿನ ತೆಳು ಚರ್ಮದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ನೀರೂ ಹೋಗುತ್ತದೆ, ಮೈಯ ಬಿಸಿಯೂ ಹೋಗುತ್ತದೆ. ಎರಡನೆಯದು ಮೂತ್ರಪಿಂಡ. ಗರ್ಭದ 34-36ನೆಯ ವಾರದವರೆಗೂ ಅದರ ರಚನೆಯೇ ಪೂರ್ಣಗೊಂಡಿರುವುದಿಲ್ಲ. ನೀರು ಕಡಿಮೆಯಾದಾಗ ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸಿಕೊಳ್ಳಲು ಅದಕ್ಕೆ ಬಾರದು. ನೀರೋ ಉಪ್ಪೋ ಹೆಚ್ಚಾದಾಗ ಬೇಗನೆ ಹೊರಹಾಕಲೂ ಬಾರದು. ನಮ್ಮ ನಿಮ್ಮಂತೆ ಬಾಯಾರಿಕೆ ಎಂದು ಹೇಳಿಕೊಳ್ಳಲು ಮಗುವಿಗೆ ಮಾತಿಲ್ಲ. ಲೆಕ್ಕವೆಲ್ಲ ಹೊರಗಿನವರೇ ಇಡಬೇಕು.

ಆ ಲೆಕ್ಕವಾದರೂ ಎಷ್ಟು ಸಣ್ಣದು! ಒಂದು ಕಿಲೋ ತೂಕದ ಮಗುವಿಗೆ ಮೊದಲ ದಿನ 80 ಮಿ.ಲೀ. ಕೊಡಬೇಕೆಂದು ಇಟ್ಟುಕೊಳ್ಳೋಣ. ಇಡೀ ದಿನಕ್ಕೆ ಸೇರಿ ಅದು ಹೋಟೆಲಿನ ಒಂದು ಬೈಟೂ ಕಾಫಿಯಷ್ಟು. ಗಂಟೆಗೆ ಮೂರು ಮಿ.ಲೀ. ಚಿಲ್ಲರೆ, ಅಂದರೆ ಒಂದು ಟೀ ಚಮಚವೂ ತುಂಬುವುದಿಲ್ಲ. ಇದರಲ್ಲಿ 40 ಮಿ.ಲೀ. ಹೆಚ್ಚಾಗಿ ಹೋದರೆ 60 ಕಿಲೋ ತೂಕದ ವ್ಯಕ್ತಿಯ ರಕ್ತನಾಳಕ್ಕೆ ಎರಡೂಕಾಲು ಲೀಟರಿಗೂ ಹೆಚ್ಚು ನೀರನ್ನು ಅಧಿಕವಾಗಿ ಏರಿಸಿದ ಹಾಗೆ.

ಪ್ಯಾರಿಸ್ಸಿನ ಕಾವುಪೆಟ್ಟಿಗೆ

ದಿನ ತುಂಬದ ಮಕ್ಕಳನ್ನು ಉಳಿಸಬಹುದು ಎಂಬ ನಂಬಿಕೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಅಲ್ಲಿನ ಮೆಟರ್ನಿಟೆ ಹೆರಿಗೆ ಆಸ್ಪತ್ರೆಯ ವೈದ್ಯ ಸ್ತೆಫಾನ್ ತಾರ್ನಿಯೆ, ಮೃಗಾಲಯದಲ್ಲಿ ಕೋಳಿಮರಿ ಮಾಡಿಸುವ ಪೆಟ್ಟಿಗೆಯನ್ನು ಕಂಡು, ಅಂಥದ್ದೇ ಒಂದನ್ನು ಮಕ್ಕಳಿಗೂ ಮಾಡಿಸಿದರು. 1880ರ ಹೊತ್ತಿಗೆ ಈ ಕಾವುಪೆಟ್ಟಿಗೆ, ಅಂದರೆ ಇಂದಿನ ಇನ್‌ಕ್ಯುಬೇಟರಿನ ಪೂರ್ವಜ, ಆಸ್ಪತ್ರೆಗೆ ಬಂತು. 2 ಕಿಲೋಗಿಂತ ಕಡಿಮೆ ತೂಕದ ಮಕ್ಕಳ ಸಾವು ಶೇ 66ರಿಂದ ಶೇ 38ಕ್ಕೆ ಇಳಿಯಿತೆಂದು ಅಲ್ಲಿಂದ ವರದಿಯಾಯಿತು. ಚೀಪಲು ಶಕ್ತಿಯಿಲ್ಲದ ಮಕ್ಕಳಿಗೆ ಬಾಯಿಂದ ಹೊಟ್ಟೆಗೆ ಸಣ್ಣ ರಬ್ಬರ್ ಕೊಳವೆ ಇಳಿಸಿ ಹಾಲು ಹಾಕುವ ಕ್ರಮವನ್ನೂ ತಾರ್ನಿಯೆ ಅದೇ ದಶಕದಲ್ಲಿ ಬಳಕೆಗೆ ತಂದರು.

ಅವರ ಶಿಷ್ಯ ಪಿಯರ್ ಬ್ಯುದಾಂ 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಮಕ್ಕಳ ಮುಂದಿರುವ ಕಷ್ಟಗಳನ್ನು ಮೂರಾಗಿ ವಿಂಗಡಿಸಿದರು: ಮೈ ತಣ್ಣಗಾಗುವುದು, ಆಹಾರ ಕೊಡುವುದರ ತೊಡಕು, ರೋಗಕ್ಕೆ ಬೇಗ ತುತ್ತಾಗುವುದು. ನೀರಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಹಾಲಿನ ಜೊತೆಗೇ ನೀರು ಹೋಗುತ್ತಿತ್ತು, ಅಷ್ಟೆ. ಹೊಟ್ಟೆಗೆ ಹೋದಷ್ಟೇ ನೀರು ಎಂಬ ಕಾಲದಲ್ಲಿ ಅದು ಬೇರೆ ಪ್ರಶ್ನೆಯೂ ಆಗಿರಲಿಲ್ಲ.

ಉಪವಾಸದ ವರ್ಷಗಳು

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಗಾಳಿ ತಿರುಗಿತು. 1940ರ ದಶಕದಿಂದ ಅಮೆರಿಕ, ಇಂಗ್ಲೆಂಡುಗಳ ಅನೇಕ ಆಸ್ಪತ್ರೆಗಳಲ್ಲಿ ದಿನ ತುಂಬದ ಮಗುವಿಗೆ ಮೊದಲ ಎರಡು ಮೂರು ದಿನ ಹಾಲನ್ನೂ ಕೊಡುತ್ತಿರಲಿಲ್ಲ, ನೀರನ್ನೂ ಕೊಡುತ್ತಿರಲಿಲ್ಲ. ಮಗುವನ್ನು ಬೆಚ್ಚಗೆ ಮಲಗಿಸಿ ಕಾಯುತ್ತಿದ್ದರು.

ಇಂದು ಕೇಳಿದರೆ ಕ್ರೌರ್ಯವೆನಿಸುತ್ತದೆ. ಆದರೆ ಅಂದಿನ ವೈದ್ಯರ ಕಣ್ಣಿಗೆ ಇದಕ್ಕೆ ಬಲವಾದ ಕಾರಣಗಳಿದ್ದವು. ದಿನ ತುಂಬದ ಮಗು ಹುಟ್ಟುವಾಗಲೇ ಕೈಕಾಲು ಊದಿಕೊಂಡಿರುವುದುಂಟು. ಮೈಯಲ್ಲಿ ನೀರು ಹೆಚ್ಚಾಗಿಯೇ ಇದೆ, ಇನ್ನೂ ಸುರಿಯುವುದೇಕೆ ಎಂದು ಅವರು ಕೇಳಿದರು. ಎರಡನೆಯದು ಇದಕ್ಕಿಂತ ದೊಡ್ಡ ಭಯ. ನುಂಗಲು ಬಾರದ ಮಗುವಿಗೆ ಹಾಲು ಕೊಟ್ಟರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಮಗು ದಾದಿಯ ಕೈಯಲ್ಲೇ ನೀಲಿಗಟ್ಟಿ ಸಾಯುತ್ತಿತ್ತು. ಅದನ್ನು ಒಮ್ಮೆ ಕಂಡವರು ಮತ್ತೆ ಹಾಲಿನ ಬಟ್ಟಲು ಎತ್ತಲು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. 1950ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಗೈಸ್‌ಫರ್ಡ್ ಮತ್ತು ಸ್ಕೋಫೀಲ್ಡ್ ಎಂಬ ವೈದ್ಯರು ಈ ಮೊದಲ ಉಪವಾಸದ ಅವಧಿಯನ್ನು ಇನ್ನಷ್ಟು ಉದ್ದ ಮಾಡುವ ಬಗ್ಗೆಯೇ ಲೇಖನ ಬರೆದರು.

ಈ ಇತಿಹಾಸದ ಮುಖ್ಯ ಪಾಠ ಇಲ್ಲೇ ಇದೆ. ಹಾಲು ಕೊಟ್ಟದ್ದರಿಂದ ಆಗುವ ಕೆಡುಕು ಅದೇ ದಿನ, ಕಣ್ಣೆದುರಿಗೇ ಕಾಣಿಸುತ್ತಿತ್ತು. ಕೊಡದೆ ಇದ್ದುದರಿಂದ ಆಗುವ ಕೆಡುಕು ಹಾಗಲ್ಲ. ನೀರಿಲ್ಲದೆ ರಕ್ತದಲ್ಲಿ ಉಪ್ಪು ಏರುತ್ತದೆ, ಆಹಾರವಿಲ್ಲದೆ ಸಕ್ಕರೆ ಕುಸಿಯುತ್ತದೆ, ಕಾಮಾಲೆ ಹೆಚ್ಚುತ್ತದೆ. ಇವೆಲ್ಲವೂ ಮಿದುಳಿಗೆ ಪೆಟ್ಟು. ಆದರೆ ಮಗು ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಅದು ಕಾಣುವುದಿಲ್ಲ. ನಡೆಯಬೇಕಾದ ವಯಸ್ಸಿನಲ್ಲಿ ಕಾಲುಗಳು ಸೆಟೆದುಕೊಂಡಾಗ, ಶಾಲೆಯಲ್ಲಿ ಪಾಠ ತಲೆಗೆ ಹತ್ತದಾದಾಗ ಕಾಣುತ್ತದೆ. ಆ ಹೊತ್ತಿಗೆ ಅದಕ್ಕೆ ದೊರೆಯುವ ಕಾರಣ ಒಂದೇ: 'ಮಗು ದಿನ ತುಂಬದೆ ಹುಟ್ಟಿತ್ತು.'

ಆಕ್ಸ್‌ಫರ್ಡಿನ ಎದೆಹಾಲು

ಈ ಉಪವಾಸವನ್ನು ಮುರಿದವರಲ್ಲಿ ಇಬ್ಬರು ಮಹಿಳಾ ವೈದ್ಯರ ಹೆಸರು ನೆನೆಯಬೇಕು. ಆಕ್ಸ್‌ಫರ್ಡಿನ ವಿಕ್ಟೋರಿಯಾ ಸ್ಮಾಲ್‌ಪೀಸ್ ಮತ್ತು ಪಮೇಲಾ ಡೇವಿಸ್ 1964ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. 1ರಿಂದ 2 ಕಿಲೋ ತೂಕದ ಮಕ್ಕಳಿಗೆ ದಿನಗಟ್ಟಲೆ ಕಾಯದೆ, ಹುಟ್ಟಿದ ಕೂಡಲೇ ನೀರು ಬೆರೆಸದ ಎದೆಹಾಲನ್ನು ಕೊಳವೆಯ ಮೂಲಕ ಕೊಟ್ಟಿದ್ದರು. ಹಿರಿಯರು ಹೆದರಿದ ಅನಾಹುತವಾಗಲಿಲ್ಲ. ಬದಲಾಗಿ, ರಕ್ತದ ಸಕ್ಕರೆ ಕುಸಿಯುವುದೂ ತೀವ್ರ ಕಾಮಾಲೆಯೂ ಕಡಿಮೆಯಾದವು. 1968ರಲ್ಲಿ ಡೇವಿಸ್ ಮತ್ತು ರಸೆಲ್ ಇಂಥ 100 ಮಕ್ಕಳ ಮುಂದಿನ ಬೆಳವಣಿಗೆಯನ್ನು ಹಿಂಬಾಲಿಸಿ ವರದಿ ಮಾಡಿದರು. ಮಗು ಬದುಕಿತೇ ಎಂಬಲ್ಲಿಗೆ ನಿಲ್ಲದೆ ಹೇಗೆ ಬೆಳೆಯಿತು ಎಂದೂ ಕೇಳುವ ಕಾಲ ಬಂದಿತ್ತು.

1975ರಲ್ಲಿ ಡೇವಿಸ್ ಮತ್ತು ಟಿಜಾರ್ಡ್ ಮತ್ತೊಂದು ಅಧ್ಯಯನ ಪ್ರಕಟಿಸಿದರು. ಅತಿ ಕಡಿಮೆ ತೂಕದ ಮಕ್ಕಳಲ್ಲಿ ಎರಡೂ ಕಾಲು ಸೆಟೆದುಕೊಳ್ಳುವ ಸ್ಪಾಸ್ಟಿಕ್ ಡೈಪ್ಲೀಜಿಯ ಎಂಬ ಅಂಗವಿಕಲತೆ ಹಿಂದಿಗಿಂತ ಬಹಳ ಇಳಿದಿದ್ದುದನ್ನು ಗುರುತಿಸಿ, ಮೊದಲ ದಿನಗಳ ಆರೈಕೆ ಸುಧಾರಿಸಿದ್ದಕ್ಕೆ ಅದನ್ನು ಜೋಡಿಸಿದರು. ಉಪವಾಸವೊಂದೇ ಅಪರಾಧಿ ಎನ್ನುವಂತಿಲ್ಲ. ಅದೇ ಕಾಲದಲ್ಲಿ ಮಕ್ಕಳನ್ನು ಚಳಿಯಿಂದ ಕಾಪಾಡುವ ಕ್ರಮವೂ ಉತ್ತಮಗೊಂಡಿತ್ತು. ಆದರೆ ಖಾಲಿ ಹೊಟ್ಟೆಯಲ್ಲಿ ಮಲಗಿಸುವುದು ಸುರಕ್ಷಿತ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ರಕ್ತನಾಳದ ದಾರಿ

ಹಾಲನ್ನು ಹೊಟ್ಟೆ ತಾಳದಷ್ಟು ದುರ್ಬಲವಾದ, ಉಸಿರಿಗಾಗಿ ಹೆಣಗುವ ಮಕ್ಕಳ ಗತಿ ಏನು? ಉತ್ತರ ಬಂದದ್ದು ಕೆನಡಾದಿಂದ. ಮಾಂಟ್ರಿಯಲ್‌ನ ರಾಬರ್ಟ್ ಅಷರ್ ಇಂಥ ಮಕ್ಕಳಿಗೆ ಬೇಗನೆ ರಕ್ತನಾಳದ ಮೂಲಕ ಗ್ಲೂಕೋಸ್ ಮತ್ತು ಸೋಡಿಯಂ ಬೈಕಾರ್ಬೊನೇಟ್ ಏರಿಸಿ, ಸಾವು ಕಡಿಮೆಯಾಯಿತೆಂದು 1963ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರಿಗೆ ಪ್ಯಾಟ್ರಿಕ್ ಎಂಬ ಮಗ ಹುಟ್ಟಿದ. ಐದೂವರೆ ವಾರ ಮೊದಲೇ ಬಂದ ಮಗು, ತೂಕ 2.1 ಕಿಲೋ. ಶ್ವಾಸಕೋಶ ಬಲಿತಿರಲಿಲ್ಲ. 39 ಗಂಟೆಗಳಲ್ಲಿ ಮಗು ತೀರಿಕೊಂಡಿತು. ಜಗತ್ತಿನ ಅತಿ ಬಲಿಷ್ಠ ಮನೆತನದಲ್ಲೂ ಇಂದು ಸುಲಭವಾಗಿ ಉಳಿಯಬಹುದಾದ ಮಗು ಅಂದು ಉಳಿಯಲಿಲ್ಲ. ಈ ಸಾವು ನವಜಾತ ಶಿಶುಗಳ ಸಂಶೋಧನೆಯತ್ತ ಇಡೀ ದೇಶದ ಗಮನ ಸೆಳೆಯಿತು.

ಅಷರ್ ಹಾಕಿದ ದಾರಿ ಬೇಗ ಹೆದ್ದಾರಿಯಾಯಿತು. 1968ರ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಡಗ್ಲಸ್ ವಿಲ್ಮೋರ್, ಕರುಳು ಕೆಲಸ ಮಾಡದ ಹಸುಗೂಸೊಂದನ್ನು ಪೂರ್ತಿಯಾಗಿ ರಕ್ತನಾಳದ ಮೂಲಕವೇ ಪೋಷಿಸಿ ಬೆಳೆಸಬಹುದೆಂದು ತೋರಿಸಿದರು. ಈಗ ನೀರು ಕೊಡಲು ಹೊಟ್ಟೆಯ ಒಪ್ಪಿಗೆ ಬೇಕಿರಲಿಲ್ಲ. ಬೇಕಾದಷ್ಟು ಏರಿಸಬಹುದಿತ್ತು. ಬೇಡವಾದಷ್ಟನ್ನೂ ಏರಿಸಬಹುದಿತ್ತು.

ಅಷರ್ ಕ್ರಮದಲ್ಲಿದ್ದ ಬೈಕಾರ್ಬೊನೇಟಿನ ಬಗ್ಗೆ 1974ರಲ್ಲಿ ಒಂದು ಎಚ್ಚರಿಕೆ ಬಂತು. ಅದರ ಅತಿಬಳಕೆಯಿಂದ ರಕ್ತದಲ್ಲಿ ಸೋಡಿಯಂ ಏರುವುದಕ್ಕೂ ಮಕ್ಕಳ ಮಿದುಳಿನಲ್ಲಿ ರಕ್ತಸ್ರಾವವಾಗುವುದಕ್ಕೂ ನಂಟಿದೆ ಎಂದು ಅಮೆರಿಕದ ವೈದ್ಯರು ವರದಿ ಮಾಡಿದರು.

ಬಿಸಿ, ಬೆಳಕು ಮತ್ತು ಪ್ರವಾಹ

ಇದೇ ವರ್ಷಗಳಲ್ಲಿ ಶಿಶು ವಾರ್ಡಿಗೆ ಎರಡು ಹೊಸ ಸಾಧನಗಳು ಬಂದವು. ಒಂದು, ಮಗುವಿನ ಮೇಲೆ ಕಾವು ಬೀರುವ ತೆರೆದ ವಾರ್ಮರ್. ಇನ್ನೊಂದು, ಕಾಮಾಲೆಗೆ ಬೆಳಕಿನ ಚಿಕಿತ್ಸೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಸಿಸ್ಟರ್ ವಾರ್ಡ್, ಬಿಸಿಲಿಗೆ ಒಡ್ಡಿದ ಮಗುವಿನ ಚರ್ಮದ ಹಳದಿ ಬಣ್ಣ ಇಳಿದಿದ್ದನ್ನು ಗಮನಿಸಿದ್ದರಿಂದ ಹುಟ್ಟಿದ ಚಿಕಿತ್ಸೆ ಅದು.

ಎರಡೂ ಜೀವ ಉಳಿಸಿದವು. ಆದರೆ ಎರಡೂ ಮಗುವಿನ ಚರ್ಮದಿಂದ ಆರಿಹೋಗುವ ನೀರನ್ನು ಹೆಚ್ಚಿಸುತ್ತವೆ ಎಂಬುದು 1970ರ ದಶಕದ ಅಳತೆಗಳಿಂದ ಗೊತ್ತಾಯಿತು. ಬೆಳಕಿನ ಚಿಕಿತ್ಸೆಯ ವಿಷಯದಲ್ಲಿ ವಿಲಿಯಂ ಓ ಮತ್ತು ಕರೆಕಿ ಇದನ್ನು 1972ರಲ್ಲೇ ತೋರಿಸಿದರು. 1979ರಲ್ಲಿ ಸ್ವೀಡನ್ನಿನ ಉಪ್ಸಾಲದ ಹ್ಯಾಮರ್‌ಲಂಡ್ ಮತ್ತು ಸೆಡಿನ್, 25 ವಾರಕ್ಕೆ ಹುಟ್ಟಿದ ಮಗುವಿನ ಚರ್ಮದಿಂದ ಹೋಗುವ ನೀರು ದಿನ ತುಂಬಿದ ಮಗುವಿನದಕ್ಕಿಂತ ಸುಮಾರು 15 ಪಟ್ಟು ಇರಬಹುದೆಂದು ಅಳೆದರು.

ಹೋದ ನೀರನ್ನು ತುಂಬಬೇಕಲ್ಲ? ವೈದ್ಯರು ಡ್ರಿಪ್ಪಿನ ವೇಗ ಹೆಚ್ಚಿಸಿದರು. ಒಣಗಿದ ಮಗು ಮತ್ತೆ ಕಣ್ಣೆದುರಿನ ಅಪಾಯ. ಬಾಯಿ ಒಣಗುತ್ತದೆ, ತೂಕ ಇಳಿಯುತ್ತದೆ, ಮೂತ್ರ ನಿಲ್ಲುತ್ತದೆ. ಹೆಚ್ಚಾದ ನೀರಿನ ಅಪಾಯ ಮಾತ್ರ ಬೇರೆ ವೇಷದಲ್ಲಿ, ವಾರ ಕಳೆದ ಮೇಲೆ ಬರುತ್ತಿತ್ತು. ಹಿಂದೆ ಉಪವಾಸದ ಕಾಲದಲ್ಲಿ ನಡೆದದ್ದೇ ಈಗ ತಿರುವುಮುರುವಾಗಿ ನಡೆಯಿತು.

ಚೀಟಿ ಎತ್ತಿ ನೋಡಿದರು

ಗರ್ಭದಲ್ಲಿರುವ ಮಗುವಿನ ಶ್ವಾಸಕೋಶಕ್ಕೆ ಉಸಿರಾಟದ ಕೆಲಸವಿಲ್ಲ. ಅಲ್ಲಿಗೆ ಹೋಗಬೇಕಾದ ರಕ್ತವನ್ನು ನೇರವಾಗಿ ಮಹಾಧಮನಿಗೆ ತಿರುಗಿಸುವ ಒಂದು ಸಣ್ಣ ಅಡ್ಡನಾಳವಿರುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ದಿನ ತುಂಬದ ಮಗುವಿನಲ್ಲಿ ತೆರೆದೇ ಉಳಿಯಬಹುದು. ಆಗ ರಕ್ತ ಹಿಂದಕ್ಕೆ ಹರಿದು ಶ್ವಾಸಕೋಶವನ್ನು ತುಂಬುತ್ತದೆ, ಹೃದಯ ಸೋಲುತ್ತದೆ. ಇದು ಅವಧಿಗೆ ಮುನ್ನ ಹುಟ್ಟಿದ್ದರ ಫಲವೇ, ಅಥವಾ ನಾವು ಏರಿಸುವ ನೀರಿನದೂ ಕೈವಾಡವಿದೆಯೇ?

ಇದನ್ನು ತಿಳಿಯಲು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ಎಡ್ವರ್ಡ್ ಬೆಲ್, ವಿಲಿಯಂ ಓ ಮತ್ತು ಸಂಗಡಿಗರು 751ರಿಂದ 2000 ಗ್ರಾಂ ತೂಕದ 170 ಮಕ್ಕಳನ್ನು ಆರಿಸಿಕೊಂಡರು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದಂತೆ ಆಕಸ್ಮಿಕವಾಗಿ ನಿರ್ಧರಿಸಿದರು. 85 ಮಕ್ಕಳಿಗೆ ಅಂದಾಜು ಅಗತ್ಯದಷ್ಟೇ ನೀರು. ಉಳಿದ 85 ಮಕ್ಕಳಿಗೆ ದಿನಕ್ಕೆ, ಕಿಲೋ ತೂಕಕ್ಕೆ ಕನಿಷ್ಠ 20 ಮಿ.ಲೀ. ಹೆಚ್ಚು. ಅಂದರೆ ಒಂದು ಕಿಲೋದ ಮಗುವಿಗೆ ದಿನವಿಡೀ ಸೇರಿ ನಾಲ್ಕು ಟೀ ಚಮಚದ ವ್ಯತ್ಯಾಸ.

1980ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚು ನೀರು ಪಡೆದ ಗುಂಪಿನ 35 ಮಕ್ಕಳಲ್ಲಿ ಅಡ್ಡನಾಳ ತೆರೆದಿರುವುದನ್ನು ಸೂಚಿಸುವ ಹೃದಯದ ಸದ್ದು ಕೇಳಿಸಿತು. ಅವರಲ್ಲಿ 11 ಮಕ್ಕಳಿಗೆ ಹೃದಯ ಸೋತಿತು. ಅಗತ್ಯದಷ್ಟೇ ಪಡೆದ ಗುಂಪಿನಲ್ಲಿ ಆ ಸದ್ದು ಕೇಳಿಸಿದ್ದು 9 ಮಕ್ಕಳಲ್ಲಿ, ಹೃದಯ ಸೋತದ್ದು ಒಂದೇ ಮಗುವಿನಲ್ಲಿ. ಕರುಳು ಕೊಳೆಯುವ ಭೀಕರ ಕಾಯಿಲೆಯೂ ಹೆಚ್ಚು ನೀರು ಕೊಟ್ಟ ಗುಂಪಿನಲ್ಲೇ ಜಾಸ್ತಿ ಕಂಡಿತು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ಅಂಕಿಅಂಶದ ಸಾಕ್ಷ್ಯ ದೊರೆತಂತಾಯಿತು.

ಆ ಬಳಿಕ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ಚಿತ್ರ ಕಂಡಿತು. ಎಚ್ಚರದಿಂದ ನೀರು ಮಿತಗೊಳಿಸಿದರೆ ತೆರೆದ ಅಡ್ಡನಾಳವೂ ಕರುಳಿನ ಕಾಯಿಲೆಯೂ ಕಡಿಮೆ, ಆದರೆ ಮೊದಲ ದಿನಗಳಲ್ಲಿ ತೂಕ ಇಳಿಯುವುದು ಹೆಚ್ಚು. ಹೀಗಾಗಿ ಒಣಗಿಸಿಬಿಡುವಷ್ಟು ಮಿತ ಮಾಡಬಾರದು ಎಂಬ ಎಚ್ಚರಿಕೆಯೂ ಅದರ ಜೊತೆಗೇ ಬಂತು. ಉಪ್ಪಿನ ಲೆಕ್ಕವೂ ಇದಕ್ಕೆ ಸೇರಿತು. 2000ದಲ್ಲಿ ಲಂಡನ್ನಿನ ಹಾರ್ಟ್‌ನಾಲ್, ನೀನಾ ಮೋದಿ ಮತ್ತು ಸಂಗಡಿಗರು 25ರಿಂದ 30 ವಾರಕ್ಕೆ ಹುಟ್ಟಿದ ಮಕ್ಕಳಲ್ಲಿ ಒಂದು ಪ್ರಯೋಗ ನಡೆಸಿದರು. ಮಗು ಹುಟ್ಟಿದ ತೂಕದ ಶೇ 6ರಷ್ಟನ್ನು ಕಳೆದುಕೊಳ್ಳುವವರೆಗೆ ಸೋಡಿಯಂ ಕೊಡುವುದನ್ನು ತಡೆದರೆ ಆಮ್ಲಜನಕದ ಅವಲಂಬನೆ ಕಡಿಮೆಯಾಗುತ್ತದೆ ಎಂದು ಅವರು ಕಂಡುಕೊಂಡರು. ಮೈಯಿಂದ ಹೋಗಬೇಕಾದ ನೀರು ಹೋಗಲು ಮೊದಲು ದಾರಿ ಬಿಡಬೇಕು ಎಂಬುದು ಇದರ ತಾತ್ಪರ್ಯ.

ಈಗಿನ ಕ್ರಮ

ಇಂದು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಮೊದಲ ದಿನ ಸಾಮಾನ್ಯವಾಗಿ ಕಿಲೋ ತೂಕಕ್ಕೆ 60ರಿಂದ 80 ಮಿ.ಲೀ.ಯಿಂದ ಆರಂಭಿಸಿ, ದಿನದಿಂದ ದಿನಕ್ಕೆ ಏರಿಸುತ್ತ 150ರ ಆಸುಪಾಸಿಗೆ ಒಯ್ಯುತ್ತಾರೆ. ಅತಿ ಸಣ್ಣ ಮಕ್ಕಳಿಗೆ ಹೆಚ್ಚು ಬೇಕಾಗಬಹುದು. ಆದರೆ ಈ ಅಂಕಿಗಳು ಆರಂಭ ಮಾತ್ರ. ಮುಂದಿನದನ್ನು ನಿರ್ಧರಿಸುವುದು ತಕ್ಕಡಿ, ಮೂತ್ರದ ಅಳತೆ ಮತ್ತು ರಕ್ತದ ಸೋಡಿಯಂ. ಸುರಿದು ತುಂಬುವುದಕ್ಕಿಂತ ಸೋರದಂತೆ ತಡೆಯುವುದು ಮೇಲು ಎಂಬ ವಿವೇಕವೂ ಬಂದಿದೆ. ಇನ್‌ಕ್ಯುಬೇಟರಿನೊಳಗಿನ ಗಾಳಿಯನ್ನು ತೇವವಾಗಿಟ್ಟರೆ ಚರ್ಮದಿಂದ ಆರುವ ನೀರು ಕಡಿಮೆಯಾಗುತ್ತದೆ. ಹುಟ್ಟಿದ ಕೂಡಲೇ ತೆಳು ಪ್ಲಾಸ್ಟಿಕ್ ಹೊದಿಸಿದರೆ ಮೈ ಆರುವುದೂ ತಣ್ಣಗಾಗುವುದೂ ತಗ್ಗುತ್ತವೆ.

ಆಕ್ಸ್‌ಫರ್ಡಿನ ವೈದ್ಯರು ನಂಬಿದ ಎದೆಹಾಲು ಇಂದಿಗೂ ಮೊದಲ ಆಯ್ಕೆ. ಅದರ ಸುಮಾರು ಶೇ 87 ಭಾಗ ನೀರೇ. ಆದ್ದರಿಂದ ಎದೆಹಾಲು ಕುಡಿಯುವ ಕೂಸಿಗೆ 'ಬಾಯಾರುತ್ತದೆ' ಎಂದು ಸಕ್ಕರೆ ನೀರು, ಬಿಸಿ ನೀರು ಕುಡಿಸುವ ನಮ್ಮ ಮನೆಗಳ ರೂಢಿ ಬೇಕಿಲ್ಲ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನ ತುಂಬದ ಮಗುವಿನ ವಿಷಯದಲ್ಲಂತೂ ವೈದ್ಯರು ಹೇಳದ ಒಂದು ಚಮಚ ನೀರೂ ಲೆಕ್ಕ ತಪ್ಪಿಸಬಲ್ಲದು.

ನೀರು ಕೊಡದವರೂ ಕಟುಕರಲ್ಲ, ಹೆಚ್ಚು ಕೊಟ್ಟವರೂ ಅಜ್ಞಾನಿಗಳಲ್ಲ. ಇಬ್ಬರೂ ಕಣ್ಣೆದುರಿಗೆ ಕಂಡ ಅಪಾಯವನ್ನು ತಪ್ಪಿಸಲು ಹೊರಟವರೇ. ಕಾಣದ ಅಪಾಯವನ್ನು ತೋರಿಸಿಕೊಟ್ಟದ್ದು ಮೂರು ಕೆಲಸಗಳು: ಮಗುವನ್ನು ದಿನವೂ ತೂಗುವುದು, ಎರಡು ಗುಂಪುಗಳನ್ನು ಪ್ರಾಮಾಣಿಕವಾಗಿ ಹೋಲಿಸುವುದು, ಮನೆಗೆ ಹೋದ ಮಗುವನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡುವುದು. ಶಿಶು ವಾರ್ಡಿನಲ್ಲಿ ದಾದಿಯೊಬ್ಬಳು ಬೆಳಿಗ್ಗೆ ಮಗುವನ್ನು ತಕ್ಕಡಿಯಲ್ಲಿಟ್ಟು ಚಾರ್ಟಿನಲ್ಲಿ ಗ್ರಾಂ ಲೆಕ್ಕ ಬರೆಯುವಾಗ ಅದು ಬರೀ ದಿನಚರಿಯಂತೆ ಕಾಣಬಹುದು. ಅಂದಿನ ಡ್ರಿಪ್ಪಿನ ವೇಗ ನಿರ್ಧಾರವಾಗುವುದು ಅದನ್ನು ನೋಡಿದ ಮೇಲೆಯೇ.